ಹೊಳೆಯಾಚೆಯ ತಾಯೂರು

ಚಂಡಮಾರುತ ಕಳೆದ ಮರುದಿನ ಬೆಳಿಗ್ಗೆ ದಾನ್ ಹಳ್ಳಿಯ ಜನ ಹೊರಬಂದು ನೋಡಿದರೆ ಹೊಳೆ ಇರಬೇಕಾದ ಕಡೆ ಇರಲಿಲ್ಲ. ಅಲ್ಲಿಯವರೆಗೆ ಹಳ್ಳಿಯ ದಕ್ಷಿಣಕ್ಕೆ ಹರಿಯುತ್ತಿದ್ದ ಬಾನಗ್ ಹೊಳೆ ದಂಡೆ ಒಡೆದು, ಗದ್ದೆ, ತೆಂಗಿನ ತೋಟ, ನಮ್ಮೂರಿಗೆ ಬರುವ ರಸ್ತೆ ಎಲ್ಲವನ್ನೂ ಕೊಚ್ಚಿಕೊಂಡು ಉತ್ತರದ ಕಡೆಯಿಂದ ಸಮುದ್ರ ಸೇರಿತ್ತು. ಹಳೆಯ ಪಾತ್ರದಲ್ಲಿ ಬರೀ ಮರಳು, ಬುಡಮೇಲಾದ ಮರಗಳು, ಯಾರದೋ ಮನೆಯ ತಗಡು. ಹಳ್ಳಿಯವರು ಪಾಳುಬಿದ್ದ ಇಗರ್ಜಿಯ ದಪ್ಪ ಗೋಡೆಗಳ ಮರೆಯಲ್ಲಿ ಕೂತು ಜೀವ ಉಳಿಸಿಕೊಂಡಿದ್ದರು. ಆದರೆ ನಿನ್ನೆಯವರೆಗೆ ನಡೆದುಕೊಂಡು ಬರಬಹುದಾಗಿದ್ದ ನಮ್ಮ ಹಲಿಗಿ ಪಟ್ಟಣ ಈಗ ಅವರಿಗೆ ಹೊಳೆಯಾಚೆ ಆಗಿತ್ತು. ಹೊಳೆಯಾಚೆ ಇದ್ದ ಸಾಂತಾ ರುಫಿನಾ ಪಟ್ಟಣ ಮರಳಿನ ಮೇಲೆ ನಡೆದು ಹೋಗುವಷ್ಟು ಹತ್ತಿರ ಬಂದಿತ್ತು.

ನಾನು ಹಲಿಗಿಯ ಸಂತೆಬೀದಿಯಲ್ಲಿ ಕ್ಷೌರದಂಗಡಿ ಇಟ್ಟವನು. ಹೆಸರು ಕ್ರಿಸ್ಪುಲೊ, ಪುಲೊ ಎಂದರೇ ಜನರಿಗೆ ಗೊತ್ತು. ಊರಿನ ಅರ್ಧ ತಲೆಗಳು ನನ್ನ ಕೈಗೆ ಬರುವುದರಿಂದಲೋ ಏನೋ, ಪುರಸಭೆಯ ಚುನಾವಣೆಗೆ ನಿಂತಾಗಲೆಲ್ಲ ಗೆಲ್ಲಿಸಿದ್ದಾರೆ. ಹಾಗಾಗಿ ಈ ಸಂಗತಿಯಲ್ಲಿ ನಾನೂ ಒಬ್ಬನಾಗಿ ಇದ್ದೆ.

ಹಲಿಗಿ ಎಂದರೆ ನಮ್ಮ ಮಾತಿನಲ್ಲಿ ಮನೆಯ ಕಂಬ. ಮೊದಲ ಸಲ ಸ್ಪೇನಿನ ಪಾದ್ರಿಯೊಬ್ಬ ದಡಕ್ಕೆ ಬಂದಿಳಿದಾಗ ಯಾರೋ ಒಬ್ಬ ಮನೆಗೆ ಕಂಬ ನೆಡುತ್ತಿದ್ದನಂತೆ. ಪಾದ್ರಿ ತನ್ನ ಭಾಷೆಯಲ್ಲಿ ಊರಿನ ಹೆಸರು ಕೇಳಿದ. ಇವನು ಕಂಬದ ಹೆಸರು ಹೇಳಿದ. ಅದೇ ನಿಂತಿತು. ಆ ಕಂಬ ನೆಟ್ಟದ್ದು ಈಗಿನ ಹಲಿಗಿಯಲ್ಲಲ್ಲ, ಕೆಳಗೆ ಕಡಲತಡಿಯಲ್ಲಿ, ಈಗ ದಾನ್ ಎನ್ನುವ ಹಳ್ಳಿಯಲ್ಲಿ. ಆಮೇಲೆ ಗಾಳಿ ತಿರುಗಿದಾಗಲೆಲ್ಲ ದಕ್ಷಿಣದಿಂದ ಹಾಯಿದೋಣಿಗಳಲ್ಲಿ ದಾಳಿಕಾರರು ಬರತೊಡಗಿದರು. ಮನೆಗಳನ್ನು ಸುಟ್ಟರು, ಸಿಕ್ಕ ಜನರನ್ನು ಗುಲಾಮರಾಗಿ ಮಾರಲು ಕಟ್ಟಿಕೊಂಡು ಹೋದರು. ಒಂದು ವರ್ಷ ಸಾಕಾಗಿ ಅರ್ಧ ಊರು ಗುಡ್ಡ ಹತ್ತಿತು. ಹತ್ತುವಾಗ ಸಂತನ ಮೂರ್ತಿಯನ್ನೂ ಊರಿನ ಹೆಸರನ್ನೂ ಜೊತೆಗೇ ಒಯ್ದಿತು. ಉಳಿದರ್ಧ ಕೆಳಗೇ ಕಲ್ಲಿನ ಇಗರ್ಜಿಯನ್ನು ಕೋಟೆ ಮಾಡಿಕೊಂಡು ಕೂತಿತು. ಹೆಸರು ಮೇಲೆ ಹೋದದ್ದರಿಂದ ಕೆಳಗಿನದಕ್ಕೆ ಬರೀ ದಾನ್, ಅಂದರೆ ‘ಹಳೆಯದು’, ಎಂಬುದಷ್ಟೇ ಉಳಿಯಿತು.

ಅಂದಿನಿಂದ ನಾವು ಅವರನ್ನು ಮೊಂಡರು ಎನ್ನುತ್ತೇವೆ. ಅವರು ನಮ್ಮನ್ನು ಓಡಿಹೋದವರ ಮಕ್ಕಳು ಎನ್ನುತ್ತಾರೆ. ಮದುವೆ ಮಾತುಕತೆಯಲ್ಲೂ ಈ ಮಾತು ಬರದೆ ಇರುವುದಿಲ್ಲ. ನನ್ನ ಹೆಂಡತಿ ದಾನಿನವಳು. ಅಂಗಡಿಗೆ ಗಿರಾಕಿ ಹೆಚ್ಚಾಗಿ ನಾನು ಊಟಕ್ಕೆ ತಡವಾಗಿ ಬಂದರೆ, ಇವತ್ತು ಎಲ್ಲಿಗೆ ಓಡಿಹೋಗಿದ್ದೆ ಎಂದೇ ಕೇಳುತ್ತಾಳೆ.

ಹೊಳೆ ದಿಕ್ಕು ಬದಲಿಸಿದ ಮೇಲೆ ಈ ತಮಾಷೆಗೆ ಬೇರೆಯೇ ಬಣ್ಣ ಬಂತು. ದಾನ್ ನಮ್ಮ ಪುರಸಭೆಗೆ ಸೇರಿದ ಹಳ್ಳಿ, ಹಿಂದಿನಿಂದಲೂ ನಮಗೂ ಸಾಂತಾ ರುಫಿನಾಕ್ಕೂ ಗಡಿ ಬಾನಗ್ ಹೊಳೆ. ಸಾಂತಾ ರುಫಿನಾದ ಮೇಯರ್ ವಿಸಿತಾಸಿಯೊನ್ ಚುರುಕಿನ ಹೆಂಗಸು. ಹೊಳೆಯೇ ಗಡಿಯಾದರೆ ದಾನ್ ಈಗ ನಮ್ಮ ಕಡೆಗೆ ಬಂತಲ್ಲ ಎಂದು ಪ್ರಾಂತದ ಸಭೆಯ ಮುಂದೆ ಹೇಳಿದಳು. ಬರೀ ಹೇಳಿ ಕೂರಲಿಲ್ಲ. ಮರಳಿನ ಅಂಚಿನವರೆಗೂ ಕರೆಂಟಿನ ಕಂಬ ಹಾಕಿಸಿದಳು, ತಮ್ಮ ಆಸ್ಪತ್ರೆಯ ಸೂಲಗಿತ್ತಿ ವಾರಕ್ಕೊಮ್ಮೆ ದಾನಿಗೆ ಹೋಗಿಬರುವ ಏರ್ಪಾಡು ಮಾಡಿದಳು. ಪ್ರಾಂತದವರು ಎರಡೂ ಕಡೆಯ ವಾದ ಕೇಳಿ, ದಾನಿನ ಜನರೇ ಮತ ಹಾಕಿ ತೀರ್ಮಾನಿಸಲಿ, ಮುಂದಿನ ಬೇಸಗೆಯಲ್ಲಿ ಮತದಾನ ಎಂದುಬಿಟ್ಟರು.

ನಮ್ಮ ಪುರಸಭೆಯಲ್ಲಿ ಬೆಂಕಿ ಬಿದ್ದಂತಾಯಿತು. ಒಬ್ಬೊಬ್ಬರೂ ಎದ್ದು ನಿಂತು ಚರಿತ್ರೆ ಹೇಳಿದರು. ನಮ್ಮ ಮೇಯರ್ ಎಲೂತೆರಿಯೊ ಮೊದಲು ಹಡಗಿನಲ್ಲಿ ಎಂಜಿನಿಯರ್ ಆಗಿದ್ದವರು, ಹೆಚ್ಚು ಮಾತಿನವರಲ್ಲ. ಅವರು ಕೂಡ ದಾನ್ ನಮ್ಮ ತಾಯಿ, ತಾಯಿಯನ್ನು ಯಾರಾದರೂ ಬಿಟ್ಟುಕೊಡುತ್ತಾರೆಯೇ ಎಂದರು. ಪ್ರತಿ ವರ್ಷ ಊರು ಹುಟ್ಟಿದ ದಿನ ಆ ಪಾಳು ಇಗರ್ಜಿಯಿಂದಲೇ ಮೆರವಣಿಗೆ ಹೊರಡುವುದನ್ನು ನೆನಪಿಸಿದರು. ಉಪಮೇಯರ್ ಅಡೋರ್ ಅಂತೂ ಕಣ್ಣು ಒರೆಸಿಕೊಂಡ.

ಅದೇ ಹೊತ್ತಿಗೆ ದಾನಿನ ಕಪಿತಾನಾ ರುಸ್ತಿಕಾ ಬಾಗಿಲಲ್ಲಿ ಬಂದು ನಿಂತಿದ್ದಳು. ಹಳ್ಳಿಯ ಮುಖ್ಯಸ್ಥೆ. ಐವತ್ತು ದಾಟಿದವಳು, ಮೀನು ಒಣಗಿಸಿ ಮಾರುವವಳು. ತೆಪ್ಪದಲ್ಲಿ ದಾಟಿ ಬಂದದ್ದರಿಂದ ಲಂಗ ಮೊಣಕಾಲಿನವರೆಗೂ ಒದ್ದೆಯಾಗಿತ್ತು. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದಳೋ ತಿಳಿಯದು. ಮೇಯರ್ ಕುರ್ಚಿ ಹಾಕಿಸಿದರು. ಕೂರಲಿಲ್ಲ.

“ನನ್ನ ಸೊಸೆ ಜೊವಿತಾಗೆ ಹೋದ ತಿಂಗಳು ಹೆರಿಗೆ ನೋವು ಬಂತು” ಎಂದು ಶುರುಮಾಡಿದಳು. “ಹೊಳೆ ತುಂಬಿ ಹರೀತಿತ್ತು. ಈ ಕಡೆ ದಡದಲ್ಲಿ ನಿಮ್ಮ ಸೂಲಗಿತ್ತಿ ಕೊಡೆ ಹಿಡ್ಕೊಂಡು ನಿಂತಿದ್ಲು, ಪಾಪ, ಅವಳಾದ್ರೂ ಏನ್ ಮಾಡ್ತಾಳೆ, ಹಾರಿ ಬರೋಕಾಗುತ್ತಾ? ನಾವು ಜೊವಿತಾನ ಜೋಲಿಯಲ್ಲಿ ಹಾಕ್ಕೊಂಡು ಮರಳಿನ ಮೇಲೆ ಓಡಿದ್ವಿ. ಸಾಂತಾ ರುಫಿನಾದವ್ರ ಆಸ್ಪತ್ರೆಯಲ್ಲಿ ಹೆರಿಗೆ ಆಯ್ತು. ಮಗು ಕೊರಳಿಗೆ ಹೊಕ್ಕುಳಬಳ್ಳಿ ಸುತ್ಕೊಂಡಿತ್ತು. ಅವರೇ ಉಳಿಸಿದ್ದು.”

ಅಡೋರ್ ಕರವಸ್ತ್ರ ಮಡಚಿ ಜೇಬಿಗೆ ಹಾಕಿಕೊಂಡ.

“ಅಂದ್ರೆ ನನ್ನ ಮೊಮ್ಮಗಳು ಹುಟ್ಟಿದ್ದು ಸಾಂತಾ ರುಫಿನಾದಲ್ಲಿ. ನನ್ನ ಮನೇಲೇ ಗಡಿ ಹಾದುಹೋಯ್ತು. ಈಗ ನೀವು ತಾಯಿ ತಾಯಿ ಅಂತಿದ್ದೀರಿ. ವರ್ಷಕ್ಕೊಂದ್ ದಿನ ಬರ್ತೀರಿ, ಮೇಣದ ಬತ್ತಿ ಹಚ್ತೀರಿ, ಫೋಟೊ ತೆಗೆಸ್ಕೋತೀರಿ, ನಮ್ಮ ಸುಮಾನ್ ಕಡುಬು ತಿಂತೀರಿ. ಅವತ್ತು ಬಿಟ್ರೆ ತಾಯಿ ಏನ್ ತಿಂತಾಳೆ, ಯಾವ ನೀರು ಕುಡೀತಾಳೆ ಅಂತ ನಿಮ್ಮಲ್ಲಿ ಯಾರಿಗಾದ್ರೂ ಗೊತ್ತಾ?”

ಮೇಯರ್ ಮೆಲ್ಲಗೆ, ಏನು ಮಾಡಬೇಕು ಹೇಳಿ ಮಾನಾ, ಎಂದರು. ರುಸ್ತಿಕಾಗಿಂತ ಅವರೇ ದೊಡ್ಡವರು. ಆದರೂ ‘ಅಕ್ಕ’ ಎಂದರು.

“ಏನೂ ಕೊಡೋದ್ ಬೇಡ. ಮತದಾನದವರೆಗೂ ನಿಮ್ಮ ಸಭೆಯೆಲ್ಲ ದಾನಿನಲ್ಲೇ ಮಾಡಿ. ಅಷ್ಟೆ. ನಾವು ದಾಟೋ ಹೊಳೇನ ನೀವೂ ದಾಟಿ.”

ಹೀಗೆ ಹೇಳಿ ಹೊರಟೇಹೋದಳು. ತೆಪ್ಪದವನು ಕಾಯುತ್ತಿದ್ದ. ಆಗದ ಮಾತು ಎಂದು ಅಡೋರ್ ಗೊಣಗಿದ. ಮಳೆಗಾಲ ಎದುರಿಗಿದೆ, ನಮ್ಮ ವಯಸ್ಸೇನು ಎಂದ. ನಾನು ಎದ್ದು, ಹಾಗಾದರೆ ಇದನ್ನು ಮತಕ್ಕೆ ಹಾಕೋಣ ಎಂದೆ. ಹೆಂಡತಿಯ ಮುಖ ನೆನಪಾಗಿ ಹೇಳಿದೆನೋ, ರುಸ್ತಿಕಾಳ ಒದ್ದೆ ಲಂಗ ನೋಡಿ ಹೇಳಿದೆನೋ ಗೊತ್ತಿಲ್ಲ. ಮೇಯರ್ ಮೊದಲು ಕೈ ಎತ್ತಿದರು. ಅವರು ಎತ್ತಿದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಎತ್ತಿದರು.

ಮೊದಲ ದಿನವೇ ಅಡೋರ್ ಬಿದ್ದ. ತೆಪ್ಪದಿಂದ ದಡಕ್ಕೆ ಕಾಲಿಡುವಾಗ ಬಿದಿರು ಜಾರಿ ಸೊಂಟದವರೆಗೂ ಕೆಸರಿಗೆ ಹೋದ. ಮೇಲೆಳೆದರೆ ಅವನೊಬ್ಬನೇ ಬಂದ, ಹೊಸ ಚರ್ಮದ ಬೂಟು ಬರಲಿಲ್ಲ. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಒಬ್ಬಳು ತಲೆ ಎತ್ತದೆಯೇ, “ಓಡಿಹೋಗೋಕೆ ಬೂಟು ಬೇಕಾಗುತ್ತೆ, ಉಪಮೇಯರ್. ಇಲ್ಲಿರೋಕೆ ಬೇಕಾಗಲ್ಲ” ಎಂದಳು. ಆ ದಿನದ ಸಭೆಯಲ್ಲಿ ಅವನು ಬರಿಗಾಲಲ್ಲಿ ಕೂತಿದ್ದ.

ಸಭೆ ನಡೆಯುತ್ತಿದ್ದದ್ದು ಚಾವಣಿ ಇಲ್ಲದ ಆ ಇಗರ್ಜಿಯೊಳಗೆ, ಟಾರ್ಪಾಲಿನ ಕೆಳಗೆ. ಗೋಡೆಗಳ ಸಂದಿಯಲ್ಲಿ ಆಲದ ಬೇರು ಇಳಿದಿತ್ತು. ಕೋಳಿಗಳು ಮೇಜಿನಡಿ ಓಡಾಡುತ್ತಿದ್ದವು. ಗುಡ್ಡದ ಮೇಲೆ ಸಭೆ ನಡೆದರೆ ಕೇಳಲು ಒಬ್ಬ ನರಪಿಳ್ಳೆಯೂ ಬರುವುದಿಲ್ಲ. ಇಲ್ಲಿ ಮಾತ್ರ ಇಡೀ ಹಳ್ಳಿ ಬಂದು ಕೂರುತ್ತಿತ್ತು. ಬಲೆ ಹೆಣೆಯುತ್ತಾ, ಮಕ್ಕಳಿಗೆ ಹಾಲೂಡಿಸುತ್ತಾ ಕೇಳುತ್ತಿದ್ದರು. ಬೇಸರ ಬಂದರೆ ನಡುವೆಯೇ ಬಾಯಿ ಹಾಕುತ್ತಿದ್ದರು. ಸಂತೆಯ ಸುಂಕದ ಬಗ್ಗೆ ನಾವು ಅರ್ಧ ಬೆಳಿಗ್ಗೆ ಕಚ್ಚಾಡಿದಾಗ ಒಬ್ಬ ಮುದುಕ, ಇದಕ್ಕಿಂತ ನಮ್ಮ ಕೋಳಿಜಗಳ ಬೇಗ ಮುಗಿಯುತ್ತದೆ ಎಂದು ಎದ್ದು ಹೋದ.

ಬಾವಿಗೆ ಸಮುದ್ರದ ನೀರು ನುಗ್ಗಿದೆ ಎಂದು ನಮಗೆ ತಿಳಿದದ್ದು ಅವರು ಕೊಟ್ಟ ಕಾಫಿ ಕುಡಿದಾಗ. ಉಪ್ಪು ಉಪ್ಪು. ಯಾರೂ ದೂರಲಿಲ್ಲ, ನಾವೂ ಕುಡಿದೆವು. ಹೈಸ್ಕೂಲಿಗೆ ಹೋಗುವ ಹುಡುಗಿಯರು ಸಮವಸ್ತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಲೆಯ ಮೇಲಿಟ್ಟುಕೊಂಡು ಹಳೆಯ ಬಟ್ಟೆಯಲ್ಲಿ ಹೊಳೆ ದಾಟುವುದನ್ನು ನಾವು ಆ ತೆಪ್ಪದಲ್ಲೇ ನಿಂತು ನೋಡಿದೆವು. ನಾನು ಕತ್ತರಿ, ಬಾಚಣಿಗೆ ಜೊತೆಗೆ ಒಯ್ಯತೊಡಗಿದೆ. ಸಭೆ ಮುಗಿದ ಮೇಲೆ ಆಲದ ನೆರಳಲ್ಲಿ ಒಂದಿಷ್ಟು ತಲೆ ಕತ್ತರಿಸುತ್ತಿದ್ದೆ. ಸಭೆಯಲ್ಲಿ ಬಾರದ ಮಾತುಗಳೆಲ್ಲ ಅಲ್ಲಿ ಬರುತ್ತಿದ್ದವು. ಕೆಲವರು ನೇರವಾಗಿಯೇ ಹೇಳಿದರು: ನಿಮ್ಮ ಮೇಲೆ ಸಿಟ್ಟಿಲ್ಲ, ಆದರೆ ಮತ ಅವರಿಗೇ.

ವರ್ಷದ ಕೊನೆಗೆ ಈಶಾನ್ಯದ ಗಾಳಿಮಳೆ ಹಿಡಿದುಕೊಂಡಿತು. ಒಂದು ಬೆಳಿಗ್ಗೆ ನಾವು ದಾಟಿ ಬಂದ ಮೇಲೆ ಹೊಳೆ ಏರಿತು. ತೆಪ್ಪ ಬಿಡುವ ಹಾಗಿರಲಿಲ್ಲ, ಎಲ್ಲರೂ ದಾನಿನಲ್ಲೇ ಉಳಿಯಬೇಕಾಯಿತು. ಒಬ್ಬೊಬ್ಬರನ್ನು ಒಂದೊಂದು ಮನೆಯವರು ಹಂಚಿಕೊಂಡು ಕರೆದೊಯ್ದರು. ಅಡೋರ್‌ನನ್ನು ಕರೆದೊಯ್ದದ್ದು ಬಟ್ಟೆ ಒಗೆಯುತ್ತಿದ್ದ ಆ ಹೆಂಗಸೇ. ಮೇಯರ್ ಮತ್ತು ನಾನು ರುಸ್ತಿಕಾಳ ಮನೆಯಲ್ಲಿ. ಗೆಣಸು, ಒಣಮೀನು, ತೆಂಗಿನಹಾಲಲ್ಲಿ ಬೇಯಿಸಿದ ಕೆಸುವಿನ ಸೊಪ್ಪು. ಮೂಲೆಯಲ್ಲಿ ಜೊವಿತಾ ಮಗುವನ್ನು ತೂಗುತ್ತಿದ್ದಳು.

ಮರುದಿನ ಮಧ್ಯಾಹ್ನ ಮೇಯರಿಗೆ ಸೊಂಟದ ಪಕ್ಕ ನೋವು ಶುರುವಾಯಿತು. ಮೂತ್ರಪಿಂಡದಲ್ಲಿ ಕಲ್ಲು ಇದೆ ಎಂದು ಅವರಿಗೆ ಮೊದಲೇ ಗೊತ್ತಿತ್ತಂತೆ, ಯಾರಿಗೂ ಹೇಳಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಮುಖ ಬೂದಿಬಣ್ಣವಾಗಿ ಚಾಪೆಯ ಮೇಲೆ ಹೊರಳಾಡತೊಡಗಿದರು. ಹೊಳೆಯ ಕಡೆ ನೋಡಿದೆ. ಇಡೀ ಮರಗಳು ತೇಲಿಹೋಗುತ್ತಿದ್ದವು. ರುಸ್ತಿಕಾ ಗೋಡೆಗೆ ಒರಗಿಸಿಟ್ಟಿದ್ದ ಬಿದಿರಿನ ಬೊಂಬು ತೆಗೆದಳು, ಜೋಲಿ ಕಟ್ಟಿದಳು. ಅವಳ ಮಗ ಒಂದು ತುದಿ, ನಾನು ಒಂದು ತುದಿ. ಹಿಂದೆ ಹೆಗಲು ಬದಲಿಸಲು ಹಳ್ಳಿಯವರು.

ಮಳೆ ಮುಖಕ್ಕೆ ಹೊಡೆಯುತ್ತಿತ್ತು, ಹಸಿ ಮರಳಿನಲ್ಲಿ ಕಾಲು ಹುಗಿಯುತ್ತಿತ್ತು. ರುಸ್ತಿಕಾ ಜೋಲಿಯ ಪಕ್ಕದಲ್ಲಿ ಬಾಳೆಲೆ ಹಿಡಿದು ನಡೆಯುತ್ತಿದ್ದಳು. ಹಳೆಯ ಹೊಳೆಯ ಪಾತ್ರದ ನಡುವೆ ಬಂದಾಗ ಬಗ್ಗಿ ಹೇಳಿದಳು:

“ಮೇಯರ್, ಇಲ್ಲಿಗೆ ಹಲಿಗಿ ಮುಗೀತು. ಗಡಿ ದಾಟೋದು ಬೇಡ ಅಂದ್ರೆ ಹೇಳಿ, ಇಲ್ಲೇ ಇಳಿಸ್ತೀವಿ.”

ಅಷ್ಟು ನೋವಿನಲ್ಲೂ ಮೇಯರ್ ನಕ್ಕರು. ನಕ್ಕದ್ದಕ್ಕೆ ನೋವು ಹೆಚ್ಚಾಗಿ ಬೈದರು. “ನಡೀರಿ ಮಾನಾ. ದೇವರಾಣೆ, ನಡೀರಿ.”

ಸಾಂತಾ ರುಫಿನಾದ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದ ಮೇಲೆ ಅವರಿಗೆ ನಿದ್ದೆ ಹತ್ತಿತು. ಸುದ್ದಿ ಮೇಯರ್ ವಿಸಿತಾಸಿಯೊನ್ ಕಿವಿಗೆ ಬೀಳದೆ ಇರುತ್ತದೆಯೇ? ಮರುದಿನ ಒಂದು ಗೊನೆ ಬಾಳೆಹಣ್ಣು ಹಿಡಿಸಿಕೊಂಡು ಬಂದಳು. ಮಂಚದ ಪಕ್ಕ ಕೂತು ಅವರನ್ನು ಮೇಲಿಂದ ಕೆಳಗಿನವರೆಗೂ ನೋಡಿದಳು.

“ನಾನು ಕೇಳಿದ್ದು ನಿಮ್ಮ ಹಳ್ಳಿ, ಮಾನೊ. ನೀವೇ ಬಂದು ಮಲಗಿಬಿಟ್ರಲ್ಲ” ಎಂದಳು. ಮಾನೊ ಎಂದರೆ ಅಣ್ಣ.

“ಹಳ್ಳಿ ಕೊಡೋಕೆ ಮನಸ್ಸಿಲ್ಲ. ಬೇಕಾದ್ರೆ ನನ್ನ ಕಲ್ಲು ಇಟ್ಕೊಳ್ಳಿ” ಎಂದರು ನಮ್ಮ ಮೇಯರ್.

ಆಮೇಲೆ ಇಬ್ಬರೂ ಬಹಳ ಹೊತ್ತು ಮಾತಾಡಿದರು. ನಾನು ಕಿಟಕಿಯ ಬಳಿ ಕೂತು ಬಾಳೆಹಣ್ಣು ಸುಲಿಯುತ್ತಿದ್ದೆ. ಅವಳಿಗೆ ದಾನ್ ಯಾಕೆ ಬೇಕು ಎಂದು ಇವರು ಕೇಳಿದರು. ಅವಳು ಮುಚ್ಚಿಡಲಿಲ್ಲ. ತನ್ನ ಅಜ್ಜಿಯ ಮನೆತನ ದಾನಿನದು ಎಂದಳು. ದಾಳಿಕಾರರು ಬಂದಾಗ ಎಲ್ಲರೂ ಗುಡ್ಡಕ್ಕಷ್ಟೇ ಹೋಗಲಿಲ್ಲ, ಕೆಲವರು ದೋಣಿಯಲ್ಲಿ ಹೊಳೆಯಾಚೆಗೂ ಹೋದರು. ಆಗ ಸಾಂತಾ ರುಫಿನಾ ಎನ್ನುವ ಊರೇ ಇರಲಿಲ್ಲ, ಅವರೇ ಬಂದು ಮಾಡಿದ್ದು. “ನೀವೊಬ್ರೇ ಮಕ್ಕಳು ಅನ್ಕೊಂಡಿದ್ದೀರಿ. ನಾವೂ ಅಲ್ಲಿಂದಲೇ ಓಡಿಬಂದವ್ರು” ಎಂದಳು. ಇದು ಕಾಗದದಲ್ಲಿರುವ ಮಾತಲ್ಲ, ಅವಳ ಮನೆಯಲ್ಲಿ ಹೇಳಿಕೊಂಡು ಬಂದದ್ದು. ನಿಜವೋ ಸುಳ್ಳೋ ನಾನು ಹೇಳಲಾರೆ. ನಮ್ಮ ಮೇಯರ್ ಅದನ್ನು ಅಲ್ಲಗಳೆಯಲಿಲ್ಲ. ದಾನಿನವರು ಯಾರ ಕಡೆಗೆ ಮತ ಹಾಕಿದರೂ ಆಸ್ಪತ್ರೆಯ ಬಾಗಿಲು ಮುಚ್ಚಬಾರದು ಎಂದಷ್ಟೇ ಕೇಳಿದರು. ಅದನ್ನೂ ಕೇಳಬೇಕೇ ಎಂದು ಅವಳು ಎದ್ದಳು.

ಮಳೆ ಇಳಿದು, ಮೇಯರ್ ಚೇತರಿಸಿಕೊಂಡು ಬಂದ ಮೇಲಿನ ಮೊದಲ ಸಭೆ ನನಗೆ ಚೆನ್ನಾಗಿ ನೆನಪಿದೆ. ಹೊಳೆಗೆ ತೂಗುಸೇತುವೆ ಹಾಕುವುದು, ಈ ವರ್ಷ ಬೇರೆ ಯಾವ ದೊಡ್ಡ ಕೆಲಸವೂ ಇಲ್ಲ ಎಂದರು. ಗುಡ್ಡದ ಮೇಲಿನ ಹೊಸ ಸಂತೆಕಟ್ಟೆ ಕಾಯಲಿ. ಸದಸ್ಯನೊಬ್ಬ, ಸ್ವಲ್ಪ ತಡೆಯೋಣ, ಮತದಾನ ಆಗಲಿ, ಅವರು ಬಿಟ್ಟು ಹೋಗುವುದಾದರೆ ನಾವು ಸಾಂತಾ ರುಫಿನಾಕ್ಕೆ ಸೇತುವೆ ಕಟ್ಟಿಕೊಟ್ಟಂತಾಗುತ್ತದೆ ಎಂದ. ಬಲೆ ಹೆಣೆಯುತ್ತಿದ್ದವರ ಕೈ ನಿಂತಿತು.

ಮೇಯರ್ ಉತ್ತರಿಸುವ ಮೊದಲೇ ಅಡೋರ್ ಎದ್ದ. ಆಗದ ಮಾತು ಎಂದು ಮೊದಲು ಗೊಣಗಿದವನು ಅವನೇ.

“ಅವರು ಯಾವ ಊರಿಗೆ ಸೇರಿದ್ರೂ ಹೊಳೆ ದಾಟಲೇಬೇಕು. ಆ ಹುಡುಗೀರು ಚೀಲ ತಲೆ ಮೇಲಿಟ್ಕೊಂಡು ಬರೋದನ್ನ ನೋಡಿದ್ದೀಯಲ್ಲಯ್ಯ? ಮತ ಎಣಿಸಿ ಆಮೇಲೆ ಹಗ್ಗ ಕಟ್ಟೋಣ ಅಂದ್ರೆ, ನಾಳೆ ನನ್ನ ಮುಖಕ್ಕೆ ಯಾರು ಕಾಫಿ ಕೊಡ್ತಾರೆ?”

ಉಪ್ಪು ಕಾಫಿಯೇ ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ತಡೆಯೋಣ ಎಂದವನೂ ನಕ್ಕ, ಕೈ ಎತ್ತಿದ.

ಹಡಗಿನ ಕೆಲಸ ಮಾಡಿದ ಮೇಯರಿಗೆ ಉಕ್ಕಿನ ಹಗ್ಗದ ಲೆಕ್ಕ ಗೊತ್ತಿತ್ತು, ಪ್ರಾಂತದ ಎಂಜಿನಿಯರು ನಕ್ಷೆ ಹಾಕಿಕೊಟ್ಟರು. ಬೇಸಗೆ ಕಾಲಿಟ್ಟ ಕೂಡಲೇ ಕೆಲಸ ಶುರು. ಶನಿವಾರ ಬಂತೆಂದರೆ ಗುಡ್ಡದಿಂದ ಜನ ಇಳಿಯುತ್ತಿದ್ದರು, ಮರಳು ಹೊರಲು, ತೆಂಗಿನ ಹಲಗೆ ಕೊಯ್ಯಲು. ಹೊಳೆಯ ಎರಡು ದಡದಿಂದಲೂ ಕೆಣಕು ಮಾತುಗಳು ಹಾರಾಡುತ್ತಿದ್ದವು. ಓಡಿಹೋದವರು ವಾಪಸ್ ಬರೋಕೆ ಇಷ್ಟು ವರ್ಷ ಬೇಕಾಯ್ತಾ ಎಂದು ಆ ದಡದವರು. ಮೊಂಡರು ಕರೆದರೆ ತಾನೇ ಬರೋದು ಎಂದು ಈ ದಡದವರು. ಸಂಜೆ ಎಲ್ಲರೂ ಸೇರಿ ತೆಂಗಿನ ಕಳ್ಳು ಕುಡಿಯುತ್ತಿದ್ದರು. ವಿಸಿತಾಸಿಯೊನ್ ತಮ್ಮ ಊರಿನ ವೆಲ್ಡರುಗಳನ್ನು ಕಳಿಸಿದಳು. ಅವರ ಜನಕ್ಕೂ ಹಲಿಗಿಯ ಸಂತೆಗೆ ಹತ್ತಿರದ ದಾರಿ ಬೇಕಿತ್ತು ಎಂದು ಕಾರಣ ಹೇಳಿಕೊಂಡಳು.

ಮತದಾನದ ದಿನ ಕಂಬಗಳು ನಿಂತು ಹಗ್ಗ ಎಳೆದಾಗಿತ್ತು, ಹಲಗೆ ಹಾಕುವುದು ಇನ್ನೂ ಅರ್ಧ ಬಾಕಿ. ರುಸ್ತಿಕಾ ಯಾರಿಗೂ ಹೀಗೆ ಹಾಕಿ, ಹಾಗೆ ಹಾಕಿ ಎನ್ನಲಿಲ್ಲ. ಮೇಯರ್ ಕೂಡ ಆ ದಿನ ದಾನಿಗೆ ಬರಲಿಲ್ಲ. ಎದುರಿಗೆ ನಿಂತರೆ ಜನಕ್ಕೆ ದಾಕ್ಷಿಣ್ಯವಾಗುತ್ತದೆ ಎಂದು ಈ ದಡದಲ್ಲೇ ಮರದ ಕೆಳಗೆ ಕೂತಿದ್ದರು. ಇಗರ್ಜಿಯ ಗೋಡೆಯೊಳಗೆ ಜನ ಸಾಲಾಗಿ ನಿಂತರು. ಸಂಜೆಯ ಹೊತ್ತಿಗೆ ಎಣಿಕೆ ಮುಗಿಯಿತು. ದಾನ್ ಹಲಿಗಿಯಲ್ಲೇ ಉಳಿಯಿತು. ಅಂತರ ದೊಡ್ಡದೇನಲ್ಲ, ಒಂದು ಮದುವೆ ಮನೆಯ ನೆಂಟರಷ್ಟು ಜನ ಆಚೆ ಈಚೆ ಆಗಿದ್ದರೆ ಸಾಕಿತ್ತು.

ಜೊವಿತಾ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಎಲ್ಲರ ಎದುರಿಗೇ ಹೇಳಿದಳು: “ನಾನು ಸಾಂತಾ ರುಫಿನಾಕ್ಕೇ ಹಾಕ್ದೆ. ಇವಳ್ನ ಉಳಿಸಿದ್ದು ಅವರು. ನಾಳೆ ಅವರ ಮುಖ ನೋಡ್ಬೇಕಲ್ಲ.” ಯಾರೂ ತಪ್ಪು ತಿಳಿಯಲಿಲ್ಲ. ರುಸ್ತಿಕಾ ಯಾರಿಗೆ ಹಾಕಿದಳು ಎಂದು ಕ್ಷೌರ ಮಾಡಿಸಿಕೊಳ್ಳುವವರೆಲ್ಲ ನನ್ನನ್ನು ಕೇಳುತ್ತಾರೆ. ನನ್ನ ಹೆಂಡತಿಗೆ ಗೊತ್ತಿರಬಹುದು, ನನಗೆ ಹೇಳುವುದಿಲ್ಲ.

ಸೋಲಿನ ಸುದ್ದಿ ಕೇಳಿದ ವಿಸಿತಾಸಿಯೊನ್, ಕರೆಂಟಿನ ಕಂಬ ಕಿತ್ತುಕೊಂಡು ಹೋಗೋಕೆ ಬರ್ತೀನಿ ಎಂದು ಹೇಳಿಕಳಿಸಿದಳು. ಬಂದದ್ದು ತಂತಿ ಎಳೆಯುವವರು. ಎರಡು ಪುರಸಭೆಗಳೂ ಸೇರಿ ದಾನಿಗೆ ದೀಪ ಕೊಡುವುದೆಂದು ಮಾತಾಗಿತ್ತು. ಗುಡ್ಡದ ಬುಗ್ಗೆಯಿಂದ ಸೇತುವೆಯ ಪಕ್ಕದಲ್ಲೇ ಕೊಳವೆ ಹಾಕಿ ನಾವು ನೀರು ಕೊಟ್ಟೆವು. ತಿಂಗಳಿಗೊಂದು ಸಭೆ ಈಗಲೂ ದಾನಿನಲ್ಲಿ ನಡೆಯುತ್ತದೆ. ಯಾರೂ ಹಾಗೆ ನಿಯಮ ಮಾಡಿಲ್ಲ. ನಿಲ್ಲಿಸೋಣ ಎಂದು ಬಾಯಿಬಿಡುವ ಧೈರ್ಯ ಯಾರಿಗೂ ಇಲ್ಲ.

ಈ ವರ್ಷದ ಮಳೆಯಲ್ಲಿ ಹೊಸದೊಂದು ಸಂಗತಿ ನಡೆಯಿತು. ದಕ್ಷಿಣದ ಹಳೆಯ ಪಾತ್ರದಲ್ಲಿ, ಮರಳಿನ ನಡುವೆ, ಒಂದು ಸಣ್ಣ ಕಾಲುವೆ ಹರಿಯತೊಡಗಿತು. ಮೊದಲು ಪಾದ ಮುಳುಗುವಷ್ಟಿತ್ತು, ವಾರ ಕಳೆಯುವುದರಲ್ಲಿ ಮೊಣಕಾಲಿಗೆ ಬಂತು. ಬಾನಗ್ ಹೊಳೆ ಎರಡು ಕವಲಾಗಿ ದಾನನ್ನು ನಡುವೆ ಹಿಡಿಯಲು ಹೊರಟಿದೆ ಎಂದು ಎಲ್ಲರಿಗೂ ಅರ್ಥವಾಯಿತು. ನೋಡಲು ಹಲಿಗಿಯಿಂದ ನಾವು ಹೋದೆವು, ಆ ಕಡೆಯಿಂದ ವಿಸಿತಾಸಿಯೊನ್ ತನ್ನವರೊಡನೆ ಬಂದಳು. ನೀರಿನ ಆ ಅಂಚಿನಲ್ಲಿ ಅವಳು, ಈ ಅಂಚಿನಲ್ಲಿ ನಮ್ಮ ಮೇಯರ್, ಇಬ್ಬರೂ ಬಗ್ಗಿ ನೋಡುತ್ತಿದ್ದರು. ಗಡಿ ಈಗ ಯಾವುದು, ಪ್ರಾಂತದವರಿಗೆ ಏನು ಹೇಳುವುದು ಎಂದು ಅಡೋರ್ ತಲೆ ಕೆರೆದುಕೊಂಡ.

ರುಸ್ತಿಕಾ ಲಂಗ ಎತ್ತಿ ಕಟ್ಟಿ ನೀರಿನ ನಡುವೆ ಇಳಿದಳು. ಕಾಲಿನಿಂದ ಆಳ ನೋಡಿದಳು. ಆ ಕಡೆ ತಿರುಗಿ ಒಬ್ಬ ಮೇಯರನ್ನು, ಈ ಕಡೆ ತಿರುಗಿ ಇನ್ನೊಬ್ಬರನ್ನು ನೋಡಿದಳು.

“ಗಡಿ ಗಿಡಿ ಆಮೇಲೆ ನೋಡ್ಕೊಳ್ಳಿ” ಎಂದಳು. “ಈ ಸಲದ ಸೇತುವೆ ನಿಮ್ಮ ಸರದಿ, ಮಾನಾ ವಿಸಿತಾ. ಕಂಬ ಎಲ್ಲಿ ನೆಡ್ಬೇಕು ಅಂತ ನಾನು ತೋರಿಸ್ತೀನಿ, ಬನ್ನಿ.”

ವಿಸಿತಾಸಿಯೊನ್ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು ನೀರಿಗೆ ಇಳಿದಳು.